ಘಟಕದ ಗೇಟಿಗೊಂದು ಕಪ್ಪು ಹಲಗೆ: ನೀರು, ಒಳಚರಂಡಿ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ನೀರಿನ ಬರ ಇರುವ ಊರುಗಳಲ್ಲಿ ನೀರು ಸರಬರಾಜು, ಒಳಚರಂಡಿ ಎರಡನ್ನೂ ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ

ವಿಷಯ: ಶುದ್ಧ ಮಾಡಿದ ಕೊಳಚೆ ನೀರನ್ನು ಮತ್ತೆ ಚರಂಡಿಗೇ ಬಿಡುತ್ತಿರುವ ಬಗ್ಗೆ, ಮತ್ತು ಅದರ ಲೆಕ್ಕ ಜನರ ಕಣ್ಣಿಗೆ ಬೀಳದಿರುವ ಬಗ್ಗೆ

ಮಾನ್ಯರೇ,

ನಾನೊಬ್ಬ ನಿವೃತ್ತ ಆಪರೇಟರ್. ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ 26 ವರ್ಷ ಶಿಫ್ಟ್ ಡ್ಯೂಟಿ ಮಾಡಿದವನು. ಎಂಜಿನಿಯರ್ ಅಲ್ಲ, ವಿಜ್ಞಾನಿಯೂ ಅಲ್ಲ. ತೊಟ್ಟಿಗೆ ಗಾಳಿ ಊದುವ ಯಂತ್ರ ಬ್ಲೋವರ್, ಅದರ ಶಬ್ದ ಕೇಳಿಯೇ ಬೇರಿಂಗ್ ಹೋಗಿದೆಯಾ ಅಂತ ಹೇಳಬಲ್ಲೆ. ತೊಟ್ಟಿಯ ನೊರೆಯ ಬಣ್ಣ ನೋಡಿ ಒಳಗೇನು ನಡೆದಿದೆ ಅಂತ ಊಹಿಸಬಲ್ಲೆ. ನನ್ನ ವಿದ್ಯೆ ಅಷ್ಟೇ. ಯಾವ ಊರು, ಯಾವ ಘಟಕ ಅಂತ ಈ ಪತ್ರದಲ್ಲಿ ಬರೆಯುವುದಿಲ್ಲ. ಒಬ್ಬರ ಕಡೆ ಬೊಟ್ಟು ಮಾಡಿದರೆ ಉಳಿದವರೆಲ್ಲ ನಿಶ್ಚಿಂತೆಯಿಂದ ಮಲಗುತ್ತಾರೆ. ಓದುವಾಗ ಇದು ನಮ್ಮದೇ ಘಟಕ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ಹಾಗೇ ಅಂದುಕೊಳ್ಳಿ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಹಳೆಯ ಗೆಳೆಯರನ್ನು ನೋಡಲು ಘಟಕಕ್ಕೆ ಹೋಗಿದ್ದೆ. ಮಾತಾಡಿಕೊಂಡು ಕೊನೆಯ ಕಾಲುವೆಯ ತನಕ ನಡೆದೆವು. ಆವತ್ತು ನೀರು ಚೆನ್ನಾಗಿತ್ತು. ಕಾಲುವೆಯ ತಳದ ಸಿಮೆಂಟಿನ ಬಿರುಕು ಕಾಣುವಷ್ಟು ತಿಳಿ. ಆ ನೀರು ನಮ್ಮ ಕಣ್ಣೆದುರಿಗೇ ಇಪ್ಪತ್ತು ಹೆಜ್ಜೆ ಹರಿದು, ಕಾಂಪೌಂಡಿನ ಆಚೆ ಇರುವ ದೊಡ್ಡ ಚರಂಡಿಗೆ ಬಿತ್ತು. ಆ ಚರಂಡಿಯಲ್ಲಿ ಯಾವ ಘಟಕಕ್ಕೂ ಹೋಗದ ಹಸಿ ಕೊಳಚೆ ಕಪ್ಪಗೆ ಹರಿಯುತ್ತಿತ್ತು. ಎರಡೂ ಕೂಡಿದ ಜಾಗದಲ್ಲಿ ಒಂದು ಗೆರೆ ಕಾಣುತ್ತದೆ. ಸ್ವಲ್ಪ ಮುಂದೆ ಹೋದರೆ ಆ ಗೆರೆಯೂ ಇಲ್ಲ. ತಲೆ ಎತ್ತಿ ನೋಡಿದೆ. ಮೇಲಿನ ರಸ್ತೆಯಲ್ಲಿ ನೀರಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಅದರಲ್ಲೊಂದು ಹೊಸ ಕಟ್ಟಡದ ಕಾಂಕ್ರೀಟಿಗೆ ನೀರು ಹಾಕಲು ಹೊರಟಿತ್ತು. ಒಳ್ಳೆಯ ಬೋರ್‌ವೆಲ್ ನೀರು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಂತಾರಲ್ಲ, 26 ವರ್ಷ ನಾವು ಮಾಡಿದ್ದು ಅದನ್ನೇನಾ ಅನ್ನಿಸಿತು. ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ.

ಈ ಕೆಲಸ ಗೊತ್ತಿಲ್ಲದವರೂ ಇದನ್ನು ಓದಬಹುದು. ಅವರಿಗಾಗಿ ಎರಡು ಮಾತು. ಒಳಚರಂಡಿಯಲ್ಲಿ ಬರುವುದರಲ್ಲಿ ನೂರಕ್ಕೆ 99.9 ಪಾಲು ನೀರೇ. ಕೊಳೆ ಅನ್ನುವುದು ಉಳಿದ ಆ ಚಿಟಿಕೆಯಷ್ಟು ಮಾತ್ರ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ. ನಾವು ಮಾಡುವುದು ಅವಕ್ಕೆ ಗಾಳಿ ಕೊಡುವುದು. ದೊಡ್ಡ ತೊಟ್ಟಿಯ ತಳದಿಂದ ಬ್ಲೋವರ್ ಗಾಳಿ ಊದುತ್ತದೆ, ಅವು ತಿಂದು ಬೆಳೆಯುತ್ತವೆ. ಆಮೇಲೆ ಮುಂದಿನ ತೊಟ್ಟಿಯಲ್ಲಿ ಅವೇ ಕೆಸರಾಗಿ ತಳಕ್ಕೆ ಕೂರುತ್ತವೆ. ಮೇಲೆ ತಿಳಿ ನೀರು ನಿಲ್ಲುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡನ್, ಲಾಕೆಟ್ ಎಂಬ ಇಬ್ಬರು 1914ರಲ್ಲೇ ಇದನ್ನು ಮಾಡಿ ತೋರಿಸಿದರು. ನೂರು ವರ್ಷ ದಾಟಿದ ವಿದ್ಯೆ ಇದು. ಇದರಲ್ಲಿ ಗುಟ್ಟು ಏನೂ ಇಲ್ಲ.

ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಅಲುಗಿಸದೆ ಇಟ್ಟರೆ ಸಾಕು, ಘಟಕದ ಆರೋಗ್ಯ ತಿಳಿಯುತ್ತದೆ. ಕೆಸರು ಕಂದು ಬಣ್ಣದಲ್ಲಿದ್ದು, ಕಂಬಳಿ ಹಾಸಿದಂತೆ ಮೆಲ್ಲಗೆ ಇಳಿದು, ಮೇಲೆ ನೀರು ತಿಳಿಯಾಗಿ ನಿಂತರೆ ಎಲ್ಲ ಸರಿಯಿದೆ ಅಂತ ಅರ್ಥ. ಚೆನ್ನಾಗಿರುವ ಕೆಸರಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ನೀವು ನಂಬಲಿಕ್ಕಿಲ್ಲ. ಘಟಕ ನೋಡಲು ಬಂದವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬರುತ್ತಿದ್ದರು. ಗಾಳಿ ತೊಟ್ಟಿಯ ಹತ್ತಿರ ಬಂದಾಗ ಒಬ್ಬೊಬ್ಬರೇ ಕರವಸ್ತ್ರ ಕೆಳಗಿಳಿಸುತ್ತಿದ್ದರು. ಅದನ್ನು ನೋಡುವುದೇ ನನಗೊಂದು ಖುಷಿ.

ಈಗ ದೂರಿಗೆ ಬರುತ್ತೇನೆ.

ಘಟಕದ ವಿದ್ಯುತ್ ಬಿಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಲೋವರಿನದೇ. ಹಾಗಾಗಿ ಖರ್ಚು ಉಳಿಸಬೇಕು ಅಂದಾಗಲೆಲ್ಲ ಕೈ ಮೊದಲು ಹೋಗುವುದು ಅದರ ಸ್ವಿಚ್ಚಿಗೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗುವುದಿಲ್ಲ. ನೈಟ್ರೋಜನ್ ತೆಗೆಯಲು ಕೆಲವು ಕಡೆ ಬೇಕಂತಲೇ ಬಿಟ್ಟುಬಿಟ್ಟು ಗಾಳಿ ಕೊಡುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ರಾತ್ರಿ ಹತ್ತಕ್ಕೆ ಆಫ್ ಮಾಡಿ ಬೆಳಗಿನ ಐದಕ್ಕೆ ಆನ್ ಮಾಡುವುದು. ನಮ್ಮಲ್ಲಿ ಎಷ್ಟೋ ತಿಂಗಳು ಹಾಗೇ ನಡೆಯಿತು. ಗುತ್ತಿಗೆದಾರ ಹೇಳಿದ, ಮೇಲಿನವರು ಕಣ್ಣು ಮುಚ್ಚಿಕೊಂಡರು, ಸ್ವಿಚ್ ಒತ್ತಿದವರು ನಾವು. ಬೆಳಿಗ್ಗೆ ಬಂದು ನೋಡಿದರೆ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿರುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ. ಒಮ್ಮೆ ಅವು ಸೊರಗಿದರೆ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟು ದಿನವೂ ಹೊರಗೆ ಹೋಗುವುದು ಅರೆಬೆಂದ ನೀರು. ಅಂಥ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಅಮೋನಿಯಾ, ಕೊಳೆಗಳೇ ಅದನ್ನು ನುಂಗಿಬಿಡುತ್ತವೆ. ರೋಗಾಣು ಕೊಲ್ಲಲು ಉಳಿಯುವುದು ಎಷ್ಟು?

ಇನ್ನು ಲಾಗ್ ಬುಕ್. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಯಾಕಂದರೆ ಆ ಪುಸ್ತಕದಲ್ಲಿ ನನ್ನ ಅಕ್ಷರವೂ ಇದೆ. ತಪಾಸಣೆ ಇದೆ ಅಂತ ಎರಡು ದಿನ ಮೊದಲೇ ಫೋನ್ ಬರುತ್ತಿತ್ತು. ಇಡೀ ತಿಂಗಳ ಅಂಕಿ ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ ತುಂಬುತ್ತಿದ್ದೆವು. ಒಂದು ದಿನ 8, ಒಂದು ದಿನ 9, ಮತ್ತೊಂದು ದಿನ 8.5. ನೋಡುವವರಿಗೆ ಸಹಜ ಅನ್ನಿಸಲಿ ಅಂತ ನಡುವೆ ಒಂದು 11. ನೀರಿನಲ್ಲಿ ಎಷ್ಟು ಕೊಳೆ ಉಳಿದಿದೆ ಅಂತ ಹೇಳುವ ಬಿಒಡಿ ಪರೀಕ್ಷೆಗೆ ಕನಿಷ್ಠ ಮೂರು ದಿನ, ಹಳೆಯ ಕ್ರಮದಲ್ಲಿ ಐದು ದಿನ ಬೇಕು. ನೀರನ್ನು ಬಾಟಲಿಯಲ್ಲಿ ಹಾಕಿ ಕತ್ತಲೆಯಲ್ಲಿ ಇಟ್ಟು ಕಾಯಬೇಕು. ಬೇರೆ ದಾರಿಯಿಲ್ಲ. ನಮ್ಮ ಪುಸ್ತಕದಲ್ಲಿ ಬೆಳಿಗ್ಗೆ ತೆಗೆದ ನೀರಿನ ಬಿಒಡಿ ಅದೇ ಸಂಜೆ ಬರೆದಿತ್ತು. ವರ್ಷಗಟ್ಟಲೆ ಹಾಗೇ ಇತ್ತು. ಎಷ್ಟೋ ಜನ ತಪಾಸಣೆಗೆ ಬಂದರು, ಚಹಾ ಕುಡಿದರು, ಆ ಪುಟದ ಕೆಳಗೇ ಸಹಿ ಹಾಕಿ ಹೋದರು.

ಕೊನೆಗೂ ಅದನ್ನು ಹಿಡಿದವರು ಒಬ್ಬ ಶಾಲಾ ಟೀಚರ್.

ಆ ವರ್ಷ ಮಳೆ ಕೈಕೊಟ್ಟಿತ್ತು. ಶುದ್ಧ ಮಾಡಿದ ನೀರನ್ನು ಊರಾಚೆಯ ಹೊಲಗಳಿಗೂ, ಒಣಗಿದ ಒಂದು ಕೆರೆಗೂ ಪೈಪಿನಲ್ಲಿ ಕೊಡುವ ಯೋಜನೆ ಬಂತು. ನಮಗೆಲ್ಲ ಬಹಳ ಸಂತೋಷ. ಜನರ ಸಭೆ ಕರೆದರು. ಬಂದವರಲ್ಲಿ ಯಾರೂ ಮೊದಲಿಗೇ ಬೇಡ ಅನ್ನಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಅವರು ಕೇಳಿದ್ದು ಒಂದೇ, ಹೋದ ಮೂರು ತಿಂಗಳ ಪರೀಕ್ಷೆಯ ಲೆಕ್ಕ ತೋರಿಸಿ ಅಂತ. ವೇದಿಕೆಯ ಮೇಲಿದ್ದ ಸಾಹೇಬರು, ಎಲ್ಲಾ ಮಿತಿಯೊಳಗಿದೆ, ನಂಬಿ ಅಂದರು. ಜನ ಬಿಡಲಿಲ್ಲ. ಪುಸ್ತಕ ತರಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಟೀಚರಮ್ಮ ಎದ್ದು ಬಂದು ನಾಲ್ಕು ಪುಟ ತಿರುಗಿಸಿದರು. "ಸಾರ್, ಐದು ದಿನ ಹಿಡಿಯುವ ಪರೀಕ್ಷೆ ನಿಮ್ಮಲ್ಲಿ ಒಂದೇ ದಿನಕ್ಕೆ ಹೇಗೆ ಮುಗೀತು?" ಅಂತ ಕೇಳಿದರು. ಸಭೆ ಅಲ್ಲಿಗೇ ಮುಗಿಯಿತು. ಯೋಜನೆಯೂ ಮುಗಿಯಿತು. ಕೆರೆ ಆ ಬೇಸಿಗೆಯೂ ಒಣಗಿಯೇ ಇತ್ತು.

ಜನರಿಗೆ ತಿಳಿವಳಿಕೆ ಇಲ್ಲ, ಮಡಿ ಮೈಲಿಗೆ ಅಂತ ಹೇಸುತ್ತಾರೆ ಅಂತ ನಿಮ್ಮ ವರದಿಗಳು ಹೇಳುತ್ತವೆ. ನಾನು ಆ ಸಭೆಯಲ್ಲಿ ಗೋಡೆಗೊರಗಿ ನಿಂತಿದ್ದೆ. ನಾನು ಕಂಡಿದ್ದು ಹೇಸಿಗೆಯಲ್ಲ. ಲೆಕ್ಕ ಕೇಳಿದವರಿಗೆ ಸುಳ್ಳು ಲೆಕ್ಕ ಸಿಕ್ಕಿತು.

ಬೇರೆ ಊರುಗಳಲ್ಲೂ ಜನ ಬೇಡ ಅಂದಿದ್ದುಂಟು. ಆಸ್ಟ್ರೇಲಿಯಾದ ಟೂವುಂಬಾದಲ್ಲಿ 2006ರ ಜುಲೈನಲ್ಲಿ, ಶುದ್ಧ ಮಾಡಿದ ಕೊಳಚೆ ನೀರನ್ನು ಕುಡಿಯುವ ನೀರಿಗೆ ಸೇರಿಸಬಹುದಾ ಅಂತ ಜನರ ಮತ ಕೇಳಿದರು. ಅಣೆಕಟ್ಟುಗಳು ಬತ್ತುತ್ತಿದ್ದ ಕಾಲ. ಆದರೂ ನೂರಕ್ಕೆ ಸುಮಾರು 62 ಜನ ಬೇಡ ಅಂದರು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1990ರ ದಶಕದಲ್ಲಿ ಇಂಥದೇ ಯೋಜನೆಗೆ "ಕಕ್ಕಸಿನಿಂದ ನಲ್ಲಿಗೆ" ಅನ್ನುವ ಅರ್ಥದ ಅಡ್ಡಹೆಸರು ಬಿತ್ತು. ಯೋಜನೆ ಮೂಲೆ ಸೇರಿತು. ಅಡ್ಡಹೆಸರು ಒಮ್ಮೆ ಬಿದ್ದರೆ ಎಷ್ಟು ಭಾಷಣ ಮಾಡಿದರೂ ಹೋಗುವುದಿಲ್ಲ, ಅಲ್ವಾ?

ಹಾಗಾದರೆ ಗೆದ್ದವರು ಏನು ಮಾಡಿದರು? ನಮೀಬಿಯಾದ ರಾಜಧಾನಿ ವಿಂಡ್‌ಹುಕ್ 1968ರಿಂದ ಶುದ್ಧ ಮಾಡಿದ ಕೊಳಚೆ ನೀರನ್ನು ನೇರವಾಗಿ ಕುಡಿಯುವ ನೀರಿಗೆ ಸೇರಿಸುತ್ತಿದೆ. ಮರುಭೂಮಿಗಳ ನಡುವಿನ ಊರು, ಹತ್ತಿರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 2002ರಲ್ಲಿ ಕಟ್ಟಿದ ಅವರ ಹೊಸ ಘಟಕ ದಿನಕ್ಕೆ 2.1 ಕೋಟಿ ಲೀಟರ್ ಕೊಡಬಲ್ಲದು. ಊರಿನ ನೀರಿನಲ್ಲಿ ಸುಮಾರು ಕಾಲು ಭಾಗ. ಅವರು ಮಾಡಿದ ಒಂದು ಜಾಣತನ ನಿಮ್ಮ ಗಮನಕ್ಕೆ ತರಬೇಕು. ಕಾರ್ಖಾನೆಗಳ ಕೊಳಚೆಯನ್ನು ಮನೆಗಳ ಕೊಳಚೆಯಿಂದ ಬೇರೆ ಮಾಡಿ, ಬೇರೆ ಕಡೆಗೆ ಒಯ್ದರು. ಕುಡಿಯುವ ನೀರಾಗುವುದು ಮನೆಗಳದ್ದು ಮಾತ್ರ. ಆಮೇಲೆ ಒಂದಾದ ಮೇಲೊಂದು ತಡೆ. ಓಝೋನ್, ಇದ್ದಿಲು, ಸೂಕ್ಷ್ಮ ಜರಡಿ, ಕ್ಲೋರಿನ್. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಸಿಂಗಪುರದ ಹೆಸರು ನಿಮ್ಮ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಆದರೆ ಅವರು 1974ರಲ್ಲೇ ಒಂದು ಸಣ್ಣ ಘಟಕ ಕಟ್ಟಿ ಸೋತರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಆಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ, ದುಬಾರಿ, ನಂಬಿಕೆಗೂ ಯೋಗ್ಯವಲ್ಲ. ವರ್ಷ ದಾಟುತ್ತಿದ್ದಂತೆ ಮುಚ್ಚಿದರು. ಮತ್ತೆ ಕೈ ಹಾಕಿ 2003ರಲ್ಲಿ ನ್ಯೂವಾಟರ್ (ಶುದ್ಧ ಮಾಡಿದ ಕೊಳಚೆ ನೀರಿಗೆ ಅವರಿಟ್ಟ ಹೆಸರು) ಶುರು ಮಾಡುವ ಮುನ್ನ ಎರಡು ವರ್ಷ ಪರೀಕ್ಷೆ ಮಾಡಿದರು. ಜನ ಬಂದು ನೋಡಲು ಒಂದು ಕೇಂದ್ರವನ್ನೇ ಕಟ್ಟಿದರು. ಅಲ್ಲೂ ಈ ನೀರು ಹೆಚ್ಚಾಗಿ ಹೋಗುವುದು ಚಿಪ್ ಕಾರ್ಖಾನೆಗಳಿಗೆ, ತಂಪು ಮಾಡುವ ಯಂತ್ರಗಳಿಗೆ. ಸ್ವಲ್ಪ ಮಾತ್ರ ಜಲಾಶಯ ಸೇರುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಆಸ್ಟ್ರೇಲಿಯಾದ್ದೇ ಇನ್ನೊಂದು ಊರು, ಪರ್ತ್. ಟೂವುಂಬಾದ ಸೋಲು ಅವರ ಕಣ್ಣೆದುರಿಗೇ ಇತ್ತು. ಅವರು ಮತ ಕೇಳಲು ಓಡಲಿಲ್ಲ. 2010ರಿಂದ 2012ರವರೆಗೆ ಸಣ್ಣ ಪ್ರಮಾಣದಲ್ಲಿ ನೆಲದೊಳಗೆ ನೀರು ಇಳಿಸಿ ಪರೀಕ್ಷೆ ಮಾಡಿದರು, ಫಲಿತಾಂಶವನ್ನು ಜನರ ಮುಂದಿಟ್ಟರು, ಬಂದು ನೋಡಿ ಅಂದರು. 2017ರಲ್ಲಿ ದೊಡ್ಡದು ಶುರುವಾಯಿತು. ನಮ್ಮ ಸಭೆಯಲ್ಲಿ ಕೇಳಿದ್ದು ಇಷ್ಟೇ ತಾನೆ.

ಇಷ್ಟೆಲ್ಲ ಓದಿ ನಾಳೆಯೇ ಮೆಂಬ್ರೇನಿನ ಆರ್‌ಓ ಘಟಕಕ್ಕೆ ಟೆಂಡರ್ ಕರೆಯಬೇಡಿ. ನಾನು ಹೆದರುವುದು ಅದಕ್ಕೇ. ದೊಡ್ಡ ಯಂತ್ರ ಅಂದರೆ ಎಲ್ಲರ ಮುಖ ಅರಳುತ್ತದೆ, ಇರುವ ಬ್ಲೋವರಿಗೆ ಬೆಲ್ಟ್ ತರಿಸಲು ಮೂರು ತಿಂಗಳು ಕಾಗದ ಓಡಾಡುತ್ತದೆ. ಎಲ್ಲ ನೀರೂ ಕುಡಿಯುವಷ್ಟು ಶುದ್ಧ ಆಗಬೇಕಿಲ್ಲ. ಕಾಂಕ್ರೀಟಿಗೆ, ರಸ್ತೆಯ ಧೂಳಿಗೆ, ಉದ್ಯಾನಕ್ಕೆ, ಕಾರ್ಖಾನೆಯ ತಂಪಿಗೆ, ಕಕ್ಕಸಿನ ಫ್ಲಶ್‌ಗೆ ಕುಡಿಯುವ ನೀರು ಯಾಕೆ? ಈಗಿರುವ ಘಟಕ ಸರಿಯಾಗಿ ನಡೆದು, ಮೇಲೊಂದು ಮರಳಿನ ಜರಡಿ, ಸರಿಯಾದ ಕ್ಲೋರಿನ್ ಸಿಕ್ಕರೆ ಇದರಲ್ಲಿ ಬಹುಪಾಲು ನಡೆಯುತ್ತದೆ. ಪೈಪು ಮಾತ್ರ ಬೇರೆಯೇ ಇರಬೇಕು, ಬಣ್ಣವೂ ಬೇರೆ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ನೀರಿನ ಪೈಪಿಗೆ ನೇರಳೆ ಬಣ್ಣ. ಪ್ಲಂಬರ್ ಅವಸರದಲ್ಲಿದ್ದರೂ ತಪ್ಪಿ ಕುಡಿಯುವ ಪೈಪಿಗೆ ಜೋಡಿಸಬಾರದು ನೋಡಿ.

ಇದರಲ್ಲಿ ಬೇಸಾಯದ ಮಾತು ದೊಡ್ಡದು. ಸ್ವಲ್ಪ ಉದ್ದವಾದರೂ ಓದಿ.

ನಮ್ಮ ಘಟಕದ ಕೆಳಗಿನ ರೈತರು ಶುದ್ಧ ನೀರು ಕೇಳುತ್ತಿರಲಿಲ್ಲ. ಘಟಕಕ್ಕೆ ಬರುವ ಹಸಿ ಕೊಳಚೆಯ ಪೈಪನ್ನೇ ರಾತ್ರಿ ಒಡೆದು ಹೊಲಕ್ಕೆ ಬಿಟ್ಟುಕೊಳ್ಳುತ್ತಿದ್ದರು. ನಾವು ಹೋಗಿ ಜಗಳ ಆಡುತ್ತಿದ್ದೆವು. ಒಮ್ಮೆ ಒಬ್ಬ ವಯಸ್ಸಾದ ರೈತ, "ನೀವು ತೊಳೆದು ಕೊಡೋ ನೀರಲ್ಲಿ ಸತ್ವ ಎಲ್ಲಿದೆ ಸ್ವಾಮಿ?" ಅಂತ ಕೇಳಿದ. ಆಗ ನಕ್ಕೆವು. ಆಮೇಲೆ ಲೆಕ್ಕ ಹಾಕಿದೆ. ಮನೆಗಳ ಕೊಳಚೆಯಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ನೈಟ್ರೋಜನ್ ಇರುತ್ತದೆ. ಒಂದು ಕೋಟಿ ಲೀಟರಿಗೆ 400 ಕಿಲೋ ಆಯಿತು. ಅಂದರೆ ಸುಮಾರು 870 ಕಿಲೋ ಯೂರಿಯಾ, ದಿನವೂ. ಮುದುಕ ಹೇಳಿದ್ದು ಸುಳ್ಳಲ್ಲ. ಮೆಕ್ಸಿಕೊ ನಗರದ ಕೊಳಚೆ ನೂರಕ್ಕೂ ಜಾಸ್ತಿ ವರ್ಷದಿಂದ ಮೆಸ್ಕಿತಾಲ್ ಕಣಿವೆಯ ಹೊಲಗಳಿಗೆ ಹರಿಯುತ್ತಿದೆ. ಅಟೊಟೊನಿಲ್ಕೊದಲ್ಲಿ ಭಾರಿ ಶುದ್ಧೀಕರಣ ಘಟಕ ಬಂದಾಗ ಅಲ್ಲಿನ ರೈತರದ್ದೂ ಇದೇ ಚಿಂತೆ. ಇನ್ನು ಗೊಬ್ಬರ ಕೊಳ್ಳಬೇಕಲ್ಲ ಅಂತ.

ಆದರೆ ಹಸಿ ಕೊಳಚೆಯಲ್ಲಿ ಸತ್ವದ ಜೊತೆಗೆ ಜಂತುಹುಳದ ಮೊಟ್ಟೆಯೂ ಇರುತ್ತದೆ, ಭೇದಿಯ ರೋಗಾಣುಗಳೂ ಇರುತ್ತವೆ. ಮೊದಲು ಅನುಭವಿಸುವವರು ಬರಿಗಾಲಲ್ಲಿ ಹೊಲದಲ್ಲಿ ನಿಲ್ಲುವವರು, ಅವರ ಮಕ್ಕಳು. ಹಸಿಯಾಗಿ ತಿನ್ನುವ ಬೆಳೆಗೆ ಹಾಕುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಜಾಸ್ತಿ ಜಂತುಹುಳದ ಮೊಟ್ಟೆ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. 2006ರ ಅದರ ಮಾರ್ಗಸೂಚಿ ಇನ್ನೂ ಪ್ರಾಯೋಗಿಕವಾದದ್ದು. ಘಟಕದಲ್ಲೇ ಎಲ್ಲ ಆಗಬೇಕಿಲ್ಲ, ದಾರಿಯುದ್ದಕ್ಕೂ ತಡೆ ಹಾಕಿ ಅನ್ನುತ್ತದೆ. ಕೊಳದಲ್ಲಿ ಕೆಲವು ದಿನ ನಿಲ್ಲಿಸಿ. ಹನಿ ನೀರಾವರಿಯಲ್ಲಿ ಬೇರಿಗೆ ಮಾತ್ರ ಕೊಡಿ. ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ನಿಲ್ಲಿಸಿ. ಬೇಯಿಸಿ ತಿನ್ನುವ ಬೆಳೆ, ಮರದ ಬೆಳೆಗಳನ್ನು ಮುಂದಿಡಿ. ಇದನ್ನು ರೈತರ ಜೊತೆ ಕೂತು ಹೇಳಲು ಯಾವ ಯಂತ್ರವೂ ಬೇಡ. ನಾವು ಅವರ ಹತ್ತಿರ ಹೋಗಿದ್ದು ಪೈಪ್ ಒಡೆದ ಕೇಸು ಹಾಕಲು ಮಾತ್ರ.

ಇಸ್ರೇಲ್ ತನ್ನ ಕೊಳಚೆ ನೀರಿನಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿಯನ್ನು ಮತ್ತೆ ಬಳಸುತ್ತದೆ, ಬಹುಪಾಲು ಹೊಲಗಳಿಗೆ. ಟೆಲ್ ಅವೀವ್ ಸುತ್ತಲಿನ ನೀರು ಶಫ್ದಾನ್ ಘಟಕದಲ್ಲಿ ಶುದ್ಧವಾಗಿ ಮರಳು ದಿಬ್ಬಗಳಲ್ಲಿ ಇಂಗುತ್ತದೆ. ತಿಂಗಳುಗಟ್ಟಲೆ ನೆಲದೊಳಗಿದ್ದು, ಮತ್ತೆ ಮೇಲೆ ಬಂದು ದಕ್ಷಿಣದ ನೆಗೆವ್ ಮರುಭೂಮಿಯ ಬೆಳೆಗೆ ಹೋಗುತ್ತದೆ. ಮರಳೇ ಅಲ್ಲಿ ಜರಡಿ. ಅವರಿಗೂ ತೊಂದರೆ ಬಂತು. ನೀರು ಒಮ್ಮೆ ಮನೆಯೊಳಗೆ ಹೋಗಿ ಬಂದರೆ ಉಪ್ಪಿನಂಶ ಜಾಸ್ತಿಯಾಗಿರುತ್ತದೆ. ಗಾಳಿ ಊದಿದರೆ ಉಪ್ಪು ಹೋಗುವುದಿಲ್ಲ. ವರ್ಷಗಟ್ಟಲೆ ಹಾಕಿದರೆ ಮಣ್ಣು ಬಿಗಿಯುತ್ತದೆ. ಬಟ್ಟೆ ಒಗೆಯುವ ಪುಡಿಯ ಬೋರಾನ್ ಗಿಡಗಳಿಗೆ ವಿಷವಾಗುತ್ತಿತ್ತು. ಅವರು ಪುಡಿಯಲ್ಲೇ ಬೋರಾನ್ ಕಡಿಮೆ ಮಾಡಿಸಿದರು. ಘಟಕದ ತೊಂದರೆಗೆ ಮದ್ದು ಸೋಪಿನ ಪುಡಿಯಲ್ಲಿ! ಹೀಗೆ ಯೋಚಿಸುವವರು ನಮಗೂ ಬೇಕು.

ಸಮುದ್ರದ ನೀರನ್ನೇ ಸಿಹಿ ಮಾಡೋಣ ಅನ್ನುವವರಿಗೆ ಒಂದೇ ಲೆಕ್ಕ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಮನೆಗಳ ಕೊಳಚೆಯಲ್ಲಿ ಸಾಮಾನ್ಯವಾಗಿ ಒಂದು ಗ್ರಾಮಿನ ಆಸುಪಾಸು. ಸಮುದ್ರದ ನೀರಾದರೆ ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ವಿದ್ಯುತ್ ಬೇಕು. ಘಟಕದ ತಿಳಿ ನೀರನ್ನು ಮೆಂಬ್ರೇನ್ ದಾಟಿಸಿ ಅದೇ ಮಟ್ಟಕ್ಕೆ ತರಲು ಒಂದು ಯೂನಿಟ್ಟಿನ ಆಸುಪಾಸು ಸಾಕು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಸಮುದ್ರದ ಮಗ್ಗುಲಲ್ಲೇ ಇದೆ. ಆದರೂ 2008ರಿಂದ ಕೊಳಚೆ ನೀರನ್ನೇ ಶುದ್ಧ ಮಾಡಿ ಅಂತರ್ಜಲಕ್ಕೆ ಸೇರಿಸುತ್ತಿದೆ. 2023ರಲ್ಲಿ ಹಿಗ್ಗಿಸಿದ ಮೇಲೆ ಅದರ ಸಾಮರ್ಥ್ಯ ದಿನಕ್ಕೆ ಸುಮಾರು 49 ಕೋಟಿ ಲೀಟರ್. ಉಪ್ಪು ನೀರು ನೆಲದೊಳಗೆ ನುಗ್ಗದಂತೆ ತಡೆಯಲೂ ಅದೇ ನೀರು.

ಇನ್ನೊಂದು ರಾತ್ರಿಯ ಮಾತು ಹೇಳಲೇಬೇಕು. ರಾತ್ರಿ ಎರಡರ ಹೊತ್ತಿಗೆ ಒಳಬರುವ ನೀರು ಇದ್ದಕ್ಕಿದ್ದಂತೆ ನೀಲಿ ಕಪ್ಪಾಯಿತು. ಕಣ್ಣು ಉರಿಯುವ ವಾಸನೆ. ಯಾರೋ ಎಲ್ಲೋ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟ್ಯಾಂಕರ್ ಖಾಲಿ ಮಾಡಿದ್ದರು. ಬೆಳಿಗ್ಗೆ ಜಾಡಿಯಲ್ಲಿ ಕೆಸರು ಕೂರಲೇ ಇಲ್ಲ. ಬ್ಯಾಕ್ಟೀರಿಯಾ ಸತ್ತಿದ್ದವು. ಬೇರೆ ಘಟಕದಿಂದ ಕೆಸರು ತಂದು ಸುರಿದು, ಮತ್ತೆ ಹಳಿಗೆ ತರಲು ಮೂರು ವಾರ ಹಿಡಿಯಿತು. ದೂರು ಬರೆದು ಕೊಟ್ಟೆ. ಯಾವ ಬೀದಿಯ ಮ್ಯಾನ್‌ಹೋಲ್ ಇರಬಹುದು ಅಂತಲೂ ಬರೆದಿದ್ದೆ. ಆ ಕಾಗದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳಿವು. ದೊಡ್ಡದು ಯಾವುದೂ ಇಲ್ಲ.

ಪ್ರತಿ ಘಟಕದ ಗೇಟಿನ ಹೊರಗೆ, ಗೇಟಿನ ಒಳಗಲ್ಲ, ಹೊರಗೆ, ಒಂದು ಕಪ್ಪು ಹಲಗೆ ಹಾಕಿ. ನಿನ್ನೆ ಎಷ್ಟು ನೀರು ಬಂತು, ಎಷ್ಟು ಹೋಯಿತು, ಎಲ್ಲಿಗೆ ಹೋಯಿತು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ. ನೀರು ಎಷ್ಟು ಕದಡಿದೆ, ಅಮೋನಿಯಾ ಎಷ್ಟು, ಉಳಿದ ಕ್ಲೋರಿನ್ ಎಷ್ಟು, ಇವನ್ನು ಅದೇ ದಿನ ಅಳೆಯಬಹುದು. ಬಿಒಡಿಯನ್ನು ಮಾತ್ರ ಅದು ಬಂದ ದಿನ ಬರೆಯಿರಿ, ನೀರು ತೆಗೆದ ತಾರೀಖಿನ ಜೊತೆ. ಬ್ಲೋವರ್ ಎಷ್ಟು ಗಂಟೆ ಓಡಿತು ಅನ್ನುವುದೂ ಇರಲಿ. ಅಂಕಿ ಕೆಟ್ಟಿದ್ದ ದಿನ ಕೆಟ್ಟದ್ದನ್ನೇ ಬರೆಯಿರಿ. ಕೆಟ್ಟ ಅಂಕಿ ಬರೆದ ಆಪರೇಟರಿಗೆ ನೋಟಿಸು ಕೊಡಬೇಡಿ. ಕೊಟ್ಟರೆ ಮಾರನೇ ದಿನದಿಂದ ಹಲಗೆಯ ಮೇಲೂ 8, 9, 8.5 ಶುರುವಾಗುತ್ತದೆ. ತಿಂಗಳಿಗೊಮ್ಮೆ ಹತ್ತಿರದ ಶಾಲೆ ಕಾಲೇಜಿನವರು ಹೇಳದೆ ಬಂದು ತಾವೇ ನೀರು ತುಂಬಿಕೊಂಡು ಹೋಗಲಿ. ಆ ಟೀಚರಮ್ಮನಂಥವರು ಪ್ರತಿ ಊರಲ್ಲೂ ಇದ್ದಾರೆ, ಅವರನ್ನು ಶತ್ರು ಅಂದುಕೊಳ್ಳಬೇಡಿ.

ಬ್ಲೋವರಿನ ವಿದ್ಯುತ್ ಹಣ ಬೇರೆ ಇಡಿ. ಗುತ್ತಿಗೆದಾರನಿಗೆ ಅದರಲ್ಲಿ ಉಳಿಸುವ ಆಸೆಯೇ ಹುಟ್ಟಬಾರದು. ಕಡಿಮೆ ಗಂಟೆ ಓಡಿಸಿದರೆ ಅವನಿಗೆ ಲಾಭ ಅನ್ನುವಂಥ ಕರಾರು ಬರೆದವರು ನೀವೇ. ಹೊರಬಂದ ಒಳ್ಳೆಯ ನೀರಿನ ಲೆಕ್ಕದ ಮೇಲೆ ಹಣ ಕೊಡಿ.

ಹೊಸ ಘಟಕದ ಕಡತಕ್ಕೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ, ಈ ನೀರನ್ನು ತೆಗೆದುಕೊಳ್ಳುವವರು ಯಾರು? ಕಾರ್ಖಾನೆಯೋ, ಉದ್ಯಾನವೋ, ರೈತರ ಸಂಘವೋ, ಹೆಸರು ಕಾಗದದ ಮೇಲಿರಲಿ. ಅಲ್ಲಿಯವರೆಗಿನ ಪೈಪು, ಪಂಪು ಅದೇ ಅಂದಾಜು ಪಟ್ಟಿಯಲ್ಲಿರಲಿ. ಯಾರೂ ಇಲ್ಲದಿದ್ದರೆ ಮತ್ತೊಂದು ಕಾಲುವೆ, ಮತ್ತೊಂದು ಚರಂಡಿ ಅಷ್ಟೇ. ಹಾಗಂತ ಕೊನೆಯ ಹನಿಯನ್ನೂ ಹಂಚಬೇಡಿ. ಬೇಸಿಗೆಯಲ್ಲಿ ಎಷ್ಟೋ ಹಳ್ಳಗಳಲ್ಲಿ ಹರಿಯುವುದೇ ಈ ನೀರು. ಕೆಳಗಿನವರು ಅದನ್ನೇ ನಂಬಿದ್ದಾರೆ. ಅವರನ್ನೂ ಸಭೆಗೆ ಕರೆಯಿರಿ. ಮ್ಯಾನ್‌ಹೋಲಿಗೆ ರಾಸಾಯನಿಕ ಸುರಿಯುವವರನ್ನು ಹಿಡಿಯದೆ ಮೆಂಬ್ರೇನ್ ಕೊಂಡರೆ ಆ ಹಣವೂ ಅದೇ ಚರಂಡಿಗೆ ಹೋಗುತ್ತದೆ.

ಕೆಲಸದವರ ಬಗ್ಗೆಯೂ ಒಂದು ಮಾತು. ಕೊಳೆತ ಕೆಸರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಅದರ ವಾಸನೆಯೇ ತಿಳಿಯುವುದಿಲ್ಲ, ಮೂಗು ಸತ್ತುಹೋಗಿರುತ್ತದೆ. ಮನುಷ್ಯ ಎರಡು ಉಸಿರಿಗೆ ಬೀಳುತ್ತಾನೆ. ಗ್ಯಾಸ್ ಮೀಟರ್ ಇಲ್ಲದೆ ಯಾರನ್ನೂ ತೊಟ್ಟಿಗೆ, ಬಾವಿಗೆ ಇಳಿಸಬೇಡಿ. ನಮ್ಮಲ್ಲಿ ಮೀಟರ್ ಇತ್ತು. ಬೀರುವಿನಲ್ಲಿ, ಬೀಗದ ಒಳಗೆ.

ಮತ್ತೆ, ಶುರು ಮಾಡುವುದಾದರೆ ನಿಮ್ಮ ಕಚೇರಿಯಿಂದಲೇ ಮಾಡಿ. ನಿಮ್ಮ ಅಂಗಳದ ಹುಲ್ಲಿಗೆ, ನಿಮ್ಮ ಕಕ್ಕಸಿನ ಫ್ಲಶ್‌ಗೆ, ನಿಮ್ಮ ಗಾಡಿ ತೊಳೆಯಲು ನಮ್ಮ ಘಟಕದ ನೀರು ಬರಲಿ. ಒಂದು ದಿನ ಅದು ವಾಸನೆ ಹೊಡೆದರೆ ಬ್ಲೋವರಿನ ಬೆಲ್ಟ್ ಅದೇ ಸಂಜೆ ಬರುತ್ತದೆ, ನನಗೆ ಅನುಮಾನವಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ, ನಾನು ನಡೆಯುವುದು ಘಟಕದ ಗೇಟಿನ ಮುಂದಿನ ರಸ್ತೆಯಲ್ಲೇ. ಹಲಗೆ ಬಂದ ದಿನ ನನಗೆ ಕಾಣುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಹಳೆಯ ಶಿಫ್ಟ್ ಆಪರೇಟರ್